ಮೂವತ್ತು ಆಂಪ್‌ನಲ್ಲಿ ಸಂಸಾರ: ಆರ್‌ವಿಯ ಕರೆಂಟ್ ಲೆಕ್ಕ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಕಳೆದ ಅಕ್ಟೋಬರ್‌ನಲ್ಲಿ 28 ಅಡಿಯ ಮೋಟರ್‌ಹೋಮ್ (ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವ ಮನೆಯಂಥ ಗಾಡಿ) ಬಾಡಿಗೆಗೆ ತೆಗೆದುಕೊಂಡು, ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ ಯೋಸೆಮಿಟಿಗೆ ಹೋಗಿದ್ದೆವು. ದಾರಿಯಲ್ಲಿ ಒಂದು ರಾತ್ರಿ 30 ಆಂಪ್ ಹುಕಪ್ (ಗಾಡಿಯ ವಯರ್ ಚುಚ್ಚಲು ಹೊರಗಿರುವ ಕರೆಂಟ್ ಪೆಟ್ಟಿಗೆ) ಇದ್ದ ಆರ್‌ವಿ ಪಾರ್ಕಿನಲ್ಲಿ ಉಳಿದೆವು. ಬೆಳಿಗ್ಗೆ ಚಳಿ ಅಂತ ಸ್ಪೇಸ್ ಹೀಟರ್ ಹಾಕಿದ್ದೆವು, ಸ್ನಾನಕ್ಕೆ ನೀರು ಕಾಯುತ್ತಿತ್ತು, ಉಪ್ಪಿಟ್ಟು ಮೈಕ್ರೋವೇವ್‌ನಲ್ಲಿ ಬಿಸಿಯಾಗುತ್ತಿತ್ತು. ಬ್ರೇಕರ್ ಮೂರು ಸಲ ಬಿತ್ತು. ಯೋಸೆಮಿಟಿಯಲ್ಲಿ ಹುಕಪ್ ಇರಲಿಲ್ಲ. ಎರಡನೇ ರಾತ್ರಿ 3 ಗಂಟೆಗೆ ಗಾಡಿಯ ಹೀಟರ್ ತಣ್ಣನೆ ಗಾಳಿ ಊದಲು ಶುರು ಮಾಡಿತು. ಅಪ್ಪ ಎರಡು ಸ್ವೆಟರ್ ಹಾಕಿಕೊಂಡು ಬೆಳಗಿನವರೆಗೆ ಕೂತೇ ಇದ್ದರು. ವಾಪಸ್ ಬರುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಜನರೇಟರ್ ನಿಂತುಹೋಯಿತು. ಈ ಜೂನ್‌ನಲ್ಲಿ ಜಾಯನ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕ್‌ಗಳಿಗೆ ಹೊರಟಿದ್ದೇವೆ. ರಾತ್ರಿ ಜನರೇಟರ್ ಮೇಲೆ ಎಸಿ ಓಡಿಸಬಹುದೇ? 50 ಆಂಪ್ ಜಾಗ ಹಿಡಿದರೆ ಎಲ್ಲ ಸರಿಹೋಗುತ್ತದೆಯೇ? ಅಮ್ಮ ಮಿಕ್ಸಿ ತರುತ್ತೇನೆ ಅನ್ನುತ್ತಿದ್ದಾರೆ. ತರಬಹುದೇ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಬಾಡಿಗೆ ಗಾಡಿಯಲ್ಲಿ ಏನೂ ಕೆಟ್ಟಿರಲಿಲ್ಲ. ಬ್ರೇಕರ್ ಬಿದ್ದದ್ದು, ಹೀಟರ್ ತಣ್ಣಗಾದದ್ದು, ಜನರೇಟರ್ ನಿಂತದ್ದು, ಮೂರೂ ಹೇಗೆ ಆಗಬೇಕೋ ಹಾಗೇ ಆಗಿವೆ. ಮನೆಯಲ್ಲಿ ನಾವು ಕರೆಂಟಿನ ಲೆಕ್ಕ ಇಡುವುದಿಲ್ಲ. ತಿಂಗಳಿಗೊಮ್ಮೆ ಬಿಲ್ ಬಂದಾಗ ಬೈದುಕೊಳ್ಳುತ್ತೇವೆ, ಅಷ್ಟೇ. ಆರ್‌ವಿಯಲ್ಲಿ ಈ ಗಳಿಗೆಯಲ್ಲಿ ಒಟ್ಟಿಗೆ ಎಷ್ಟು ಎಳೆಯುತ್ತಿದ್ದೀರಿ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಂಡೇ ಓಡಾಡಬೇಕು. ಎರಡು ದಿನ ಕಷ್ಟ ಅನ್ನಿಸುತ್ತದೆ, ಮೂರನೇ ದಿನಕ್ಕೆ ಅಭ್ಯಾಸ ಆಗಿಬಿಡುತ್ತದೆ.

ಊರಿನ ಮನೆಯ ಯುಪಿಎಸ್ ನೆನಪಿಸಿಕೊಳ್ಳಿ. ಕರೆಂಟ್ ಹೋದರೆ ಲೈಟು, ಫ್ಯಾನು, ಟಿವಿ ಓಡುತ್ತವೆ. ಗೀಸರ್ ಓಡುವುದಿಲ್ಲ. ಆರ್‌ವಿಯಲ್ಲೂ ಹೀಗೇ ಎರಡು ಸಂಸಾರ. ಒಂದು 12 ವೋಲ್ಟ್‌ನದು: ಲೈಟು, ನೀರಿನ ಪಂಪು, ಗಾಡಿಯ ಹೀಟರಿನ ಫ್ಯಾನು, ಫ್ರಿಜ್ಜಿನ ಕಂಟ್ರೋಲ್ ಬೋರ್ಡು. ಹೊರಗಿನ ಕರೆಂಟ್ ಇಲ್ಲದಾಗ ಇವು ಬ್ಯಾಟರಿಯಿಂದ ನಡೆಯುತ್ತವೆ. ಇನ್ನೊಂದು 120 ವೋಲ್ಟ್‌ನದು: ಎಸಿ, ಮೈಕ್ರೋವೇವ್, ಗೋಡೆಯ ಪ್ಲಗ್‌ಗಳು. ಇವಕ್ಕೆ ಹೊರಗಿನ ಹುಕಪ್ ಬೇಕು, ಇಲ್ಲವೇ ಜನರೇಟರ್ ಓಡಬೇಕು. ಎರಡರ ನಡುವೆ ಕನ್ವರ್ಟರ್ ಅನ್ನುವ ಡಬ್ಬವೊಂದು ಕೂತಿರುತ್ತದೆ. 120 ಬಂದಾಗ ಅದನ್ನು 12 ಮಾಡಿ ಬ್ಯಾಟರಿ ಚಾರ್ಜ್ ಮಾಡುವುದು ಅದರ ಕೆಲಸ. ಆರ್‌ವಿ ಪಾರ್ಕಿನಲ್ಲಿ ನಿಮಗಾದ ತೊಂದರೆ 120ರ ಸಂಸಾರದ್ದು. ಯೋಸೆಮಿಟಿಯದು 12ರದ್ದು. ಬೇರೆ ಬೇರೆ ರೋಗ, ಮದ್ದೂ ಬೇರೆ.

ಉಪ್ಪಿಟ್ಟಿನ ಬೆಳಿಗ್ಗೆಯಿಂದ ಶುರು ಮಾಡೋಣ.

30 ಆಂಪ್ ಅಂದರೆ 120 ವೋಲ್ಟ್‌ನಲ್ಲಿ 3600 ವ್ಯಾಟ್. ಕೇಳಲು ಜಾಸ್ತಿ ಅನ್ನಿಸುತ್ತದೆ. ನಮ್ಮ ಅಂದಾಜು ತಪ್ಪುವುದು ಇಲ್ಲೇ, ಯಾಕೆಂದರೆ ನಾವು ಬೆಳೆದದ್ದು 230 ವೋಲ್ಟ್‌ನಲ್ಲಿ. 1500 ವ್ಯಾಟಿನ ಹೀಟರ್ ಮೈಸೂರಿನಲ್ಲಿ ಆರೂವರೆ ಆಂಪ್ ಎಳೆದರೆ ಇಲ್ಲಿ ಹನ್ನೆರಡೂವರೆ ಎಳೆಯುತ್ತದೆ. ವ್ಯಾಟ್ ಅಷ್ಟೇ, ಆಂಪ್ ಹೆಚ್ಚುಕಮ್ಮಿ ಎರಡರಷ್ಟು. ಈಗ ಕೂಡಿ ನೋಡಿ. ಸ್ಪೇಸ್ ಹೀಟರ್ ಹನ್ನೆರಡೂವರೆ. ನೀರು ಕಾಯಿಸುವ ಎಲೆಕ್ಟ್ರಿಕ್ ಕಾಯಿಲ್ ಸಾಮಾನ್ಯವಾಗಿ 1400 ವ್ಯಾಟಿನದು, ಅದು ಸುಮಾರು 12. ಮೈಕ್ರೋವೇವ್ ಮೇಲೆ 1000 ವ್ಯಾಟ್ ಅಂತ ಬರೆದಿದ್ದರೂ ಅದು ಒಳಗೆ ಅಡುಗೆಗೆ ಸಿಗುವ ಶಕ್ತಿ. ಗೋಡೆಯಿಂದ ಎಳೆಯುವುದು 1500ರ ಹತ್ತಿರ, ಅಂದರೆ 12ರಿಂದ 13. ಆಗಲೇ 37 ಆಯಿತು. ಇದರ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್ ಯಾರಿಗೂ ಹೇಳದೆ ಐದಾರು ಆಂಪ್ ತಿನ್ನುತ್ತಿರುತ್ತದೆ. 30ರ ಬ್ರೇಕರ್ ಪಾಪ ಇನ್ನೇನು ಮಾಡಬೇಕು?

ಇಂಥ ಬ್ರೇಕರ್ ತಕ್ಷಣ ಬೀಳುವುದಿಲ್ಲ. ಶಾರ್ಟ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಆದರೆ ಸ್ವಲ್ಪ ಜಾಸ್ತಿ ಲೋಡ್ ಆದರೆ ಒಳಗಿನ ಪಟ್ಟಿ ನಿಧಾನಕ್ಕೆ ಬಿಸಿಯಾಗಿ, ಬಾಗಿ, ಆಮೇಲೆ ಬೀಳುತ್ತದೆ. ಅದಕ್ಕೇ "ಇಷ್ಟು ಹೊತ್ತು ಸರಿಯಾಗೇ ಓಡುತ್ತಿತ್ತಲ್ಲ" ಅನ್ನಿಸುವುದು. ಬಿದ್ದ ಕೂಡಲೇ ಎತ್ತಿದರೆ ಪಟ್ಟಿ ಇನ್ನೂ ಬಿಸಿ ಇರುತ್ತದೆ, ಎರಡನೇ ಸಲ ಬೇಗ ಬೀಳುತ್ತದೆ. ನಿಮಗೆ ಮೂರು ಸಲ ಬಿದ್ದದ್ದು ಹೀಗೇ ಇರಬೇಕು. ಲೋಡ್ ಕಡಿಮೆ ಮಾಡಿ, ಒಂದೆರಡು ನಿಮಿಷ ಬಿಟ್ಟು ಎತ್ತಿ.

ಗಂಟೆಗಟ್ಟಲೆ ಓಡುವ ಲೋಡನ್ನು ಬ್ರೇಕರಿನ ಶೇಕಡಾ 80ರ ಒಳಗೆ ಇಡಬೇಕು ಅನ್ನುವುದು ಎಲೆಕ್ಟ್ರಿಷಿಯನ್ನರ ಲೆಕ್ಕ. 30ರಲ್ಲಿ 24. ನಾನು ನನ್ನ ಮನೆಯವರಿಗೆ ಹೇಳಿಕೊಟ್ಟದ್ದು ಇನ್ನೂ ಸುಲಭ: ಬಿಸಿ ಮಾಡುವುದು, ತಣ್ಣಗೆ ಮಾಡುವುದು, ಇವೆಲ್ಲ ದೊಡ್ಡ ಹೊಟ್ಟೆಯವು. ಒಂದು ಹೊತ್ತಿಗೆ ಒಂದೇ ದೊಡ್ಡ ಹೊಟ್ಟೆ. ಎಸಿ ಓಡುತ್ತಿದ್ದರೆ ಇಂಡಕ್ಷನ್ ಒಲೆ ಬೇಡ. ಹೇರ್ ಡ್ರೈಯರ್ ಓಡುವಾಗ ಮೈಕ್ರೋವೇವ್ ಬೇಡ. ಫೋನ್ ಚಾರ್ಜರ್, ಲ್ಯಾಪ್‌ಟಾಪ್, ಟಿವಿ, ಎಲ್‌ಇಡಿ ಲೈಟು, ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜನ ಸುಮ್ನೆ ಲೈಟ್ ಆರಿಸಿ ಆರಿಸಿ ಸುಸ್ತಾಗುತ್ತಾರೆ, ಆ ಕಡೆ ಗೀಸರ್ ಓಡುತ್ತಲೇ ಇರುತ್ತದೆ.

ಎಲ್ಲಕ್ಕಿಂತ ದೊಡ್ಡ ಉಪಾಯ ನಿಮ್ಮ ಗಾಡಿಯಲ್ಲೇ ಇದೆ: ಗ್ಯಾಸ್. ನೀರು ಕಾಯಿಸುವುದಕ್ಕೆ ಎರಡು ಸ್ವಿಚ್ ಇದ್ದರೆ ಒಂದು ಎಲೆಕ್ಟ್ರಿಕ್, ಇನ್ನೊಂದು ಪ್ರೊಪೇನ್. ಹಳೇ ಮಾದರಿಯ ಫ್ರಿಜ್ಜಾದರೆ ಅದೂ ಗ್ಯಾಸಿನ ಮೇಲೆ ಓಡುತ್ತದೆ. ಒಲೆಯಂತೂ ಗ್ಯಾಸೇ. ಹುಕಪ್‌ಗೆ ದುಡ್ಡು ಕೊಟ್ಟಿದ್ದೇವೆ, ಗ್ಯಾಸ್ ಯಾಕೆ ಸುಡಬೇಕು ಅಂತ ಎಲ್ಲವನ್ನೂ ಎಲೆಕ್ಟ್ರಿಕ್‌ಗೆ ತಿರುಗಿಸುವವರೇ ಜಾಸ್ತಿ. ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ನೀರನ್ನು ಗ್ಯಾಸಿಗೆ ಹಾಕಿದ್ದರೆ ನಿಮ್ಮ ಬ್ರೇಕರ್ ಎದ್ದೇ ಇರುತ್ತಿತ್ತು. ನೀರು, ಫ್ರಿಜ್ ಎರಡೂ ಗ್ಯಾಸಿಗೆ ಹೋದರೆ ಎಸಿಗೂ ಕಾಫಿಗೂ ಜಾಗ ಸಿಗುತ್ತದೆ.

ಈಗ 50 ಆಂಪ್ ಪ್ರಶ್ನೆ. ನಿಮ್ಮ ಗಾಡಿಯ ವಯರ್ 30ರದ್ದು, ಮೂರು ಕಾಲಿನ ಪ್ಲಗ್. 50ರ ಸಾಕೆಟ್‌ಗೆ ನಾಲ್ಕು ಕಾಲು. ಅಡಾಪ್ಟರ್ ಹಾಕಿ ಚುಚ್ಚಬಹುದು, ತೊಂದರೆ ಇಲ್ಲ. ಆದರೆ ಗಾಡಿಯೊಳಗಿನ ಮೇನ್ ಬ್ರೇಕರ್ 30ರದ್ದೇ, ಆದ್ದರಿಂದ ನಿಮಗೆ ಸಿಗುವುದೂ 30ಯೇ. 50 ಅಂತ ಹೆಸರಿದ್ದರೂ ಅದರಲ್ಲಿ ಬರುವುದು 50ರ ಎರಡು ಲೈನು, ಒಟ್ಟು 12,000 ವ್ಯಾಟ್. ಎರಡು ಮೂರು ಎಸಿ ಇರುವ ದೊಡ್ಡ ಬಸ್ಸಿನಂಥ ಗಾಡಿಗಳಿಗೆ ಮಾಡಿದ್ದು ಅದು. ಸುಮ್ನೆ ಹೆಚ್ಚು ದುಡ್ಡು ಕೊಡಬೇಡಿ. ಒಂದು ಸಂದರ್ಭದಲ್ಲಿ ಮಾತ್ರ ನಾನೂ 50ರ ಸಾಕೆಟ್ ಬಳಸುತ್ತೇನೆ. ಒಂದೇ ಕರೆಂಟ್ ಪೆಟ್ಟಿಗೆಯಲ್ಲಿ ಎರಡೂ ಇದ್ದು, 30ರ ಸಾಕೆಟ್ ಕಪ್ಪಾಗಿದ್ದರೆ ಅಥವಾ ಪ್ಲಗ್ ಸಡಿಲವಾಗಿ ಕೂರುತ್ತಿದ್ದರೆ. ವರ್ಷಗಟ್ಟಲೆ ಜನ ಚುಚ್ಚಿ ಕಿತ್ತು ಮಾಡಿದ 30ರ ಸಾಕೆಟ್‌ಗಳು ಸವೆದಿರುತ್ತವೆ. ಸಡಿಲ ಇದ್ದ ಕಡೆ ಬಿಸಿ, ಬಿಸಿ ಆದ ಕಡೆ ಕರಗುವುದು. ಎಸಿ ಹಾಕಿ ಅರ್ಧ ಗಂಟೆ ಆದ ಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ ಪ್ಲಗ್ಗಿನ ರಬ್ಬರ್ ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬ್ರೇಕರ್ ಆರಿಸಿ, ಆಫೀಸಿಗೆ ಹೋಗಿ ಬೇರೆ ಜಾಗ ಕೇಳಿ.

ಹುಕಪ್ ಇದ್ದರೂ ನೀವು ಎಚ್ಚರ ವಹಿಸಬೇಕಾದ ಶತ್ರು ಲೋ ವೋಲ್ಟೇಜ್. ನಾನು ಹಾಸನ ಕಡೆಯ ಹಳ್ಳಿಯವನು. ಬೇಸಿಗೆಯಲ್ಲಿ ಊರಿನವರೆಲ್ಲ ಒಟ್ಟಿಗೆ ಪಂಪ್‌ಸೆಟ್ ಹಾಕಿದರೆ ಬಲ್ಬು ಮೊಂಬತ್ತಿ ಥರ ಉರಿಯುತ್ತಿತ್ತು, ಮರುದಿನ ಯಾರದೋ ಮೋಟರು ವೈಂಡಿಂಗ್‌ಗೆ ಹೋಗುತ್ತಿತ್ತು. ಎಸಿಯ ಕಂಪ್ರೆಸರ್ ಕೂಡ ಮೋಟರೇ. ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಆಂಪ್ ಎಳೆದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಜುಲೈ 4ರ ರಜೆಯ ವಾರದಲ್ಲಿ ತುಂಬಿದ ಆರ್‌ವಿ ಪಾರ್ಕು, ಮಧ್ಯಾಹ್ನ 3 ಗಂಟೆ, ಎಲ್ಲರ ಚಾವಣಿಯ ಮೇಲೂ ಎಸಿ: ನಮ್ಮೂರಿನ ಪಂಪ್‌ಸೆಟ್ಟಿನ ಕಥೆಯೇ. ಗೋಡೆಯ ಪ್ಲಗ್‌ಗೆ ಚುಚ್ಚುವ ಸಣ್ಣ ವೋಲ್ಟ್ ಮೀಟರ್ ಇಪ್ಪತ್ತು ಡಾಲರ್ ಒಳಗೆ ಸಿಗುತ್ತದೆ. ತಗೊಳ್ಳಿ. 120ರ ಆಸುಪಾಸು ಇದ್ದರೆ ಆರಾಮ. 110ಕ್ಕೆ ಇಳಿದರೆ ಎಸಿ ಬಿಟ್ಟು ಉಳಿದದ್ದನ್ನು ಆರಿಸಿ. 105ರ ಹತ್ತಿರ ಬಂದರೆ ಎಸಿಯನ್ನೂ ಆರಿಸಿ, ಹೊಳೆಗೋ ನೆರಳಿಗೋ ಹೋಗಿ ಕೂತುಕೊಳ್ಳಿ.

ಸ್ವಂತ ಗಾಡಿ ಕೊಂಡರೆ ಮೀಟರ್ ಜೊತೆಗೆ ಇಎಂಎಸ್ ಅನ್ನುವ ಸಾಧನ ತಗೊಳ್ಳಿ. ವೋಲ್ಟೇಜ್ ಹದ ತಪ್ಪಿದರೆ, ಅರ್ತ್ ಇಲ್ಲದಿದ್ದರೆ, ಲೈನು ನ್ಯೂಟ್ರಲ್ ಅದಲುಬದಲಾಗಿದ್ದರೆ ಅದು ಒಳಗೆ ಕರೆಂಟ್ ಬಿಡುವುದೇ ಇಲ್ಲ. ಬರೀ ಸರ್ಜ್ ಪ್ರೊಟೆಕ್ಟರ್ ಸಿಡಿಲಿನಂಥ ಹೊಡೆತ ತಡೆಯುತ್ತದೆ, ಲೋ ವೋಲ್ಟೇಜ್ ತಡೆಯುವುದಿಲ್ಲ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬೆಲೆಯಲ್ಲಿ ಮಾತ್ರ ಬಹಳ ವ್ಯತ್ಯಾಸ. ಅರ್ತ್ ಸರಿ ಇಲ್ಲದ ಕಡೆ ಗಾಡಿಯ ಮೈಗೇ ಕರೆಂಟ್ ಬರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅಂದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕರೆಂಟ್ ಪೆಟ್ಟಿಗೆಯ ಬ್ರೇಕರ್ ಆರಿಸಿ, ಆಮೇಲೆ ಮಾತು.

ಈ ಸಾಧನ ಇಲ್ಲದೆ ನಾನು ತೆತ್ತ ದಂಡ ಹೇಳಿಬಿಡುತ್ತೇನೆ. ಗಾಡಿ ಕೊಂಡ ಹೊಸದರಲ್ಲಿ ಮನೆಯ ಪಕ್ಕ ಒಂದು 30 ಆಂಪ್ ಸಾಕೆಟ್ ಹಾಕಿಸಿದೆ. ಬಂದವನು ಮನೆ ವಯರಿಂಗ್‌ನಲ್ಲಿ ಪಳಗಿದವನೇ. ಆದರೆ ಮೂರು ಕಾಲಿನ ಆ 30 ಆಂಪ್ ಸಾಕೆಟ್ ನೋಡಿ, ಬಟ್ಟೆ ಒಣಗಿಸುವ ಡ್ರೈಯರ್ ಸಾಕೆಟ್ ಅಂದುಕೊಂಡು ಎರಡು ಲೈನು ಕೊಟ್ಟುಬಿಟ್ಟ. 240 ವೋಲ್ಟ್. ನಾನು ಎಂಜಿನಿಯರು, ನಾನಾದರೂ ಮೀಟರ್ ಇಟ್ಟು ನೋಡಬೇಕಿತ್ತು, ಅಲ್ವಾ? ನೋಡಲಿಲ್ಲ. ಚುಚ್ಚಿದೆ. ಒಳಗೆ ಪಟ್ ಅಂತು, ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕನ್ವರ್ಟರ್, ಮೈಕ್ರೋವೇವ್, ಟಿವಿ ಮೂರೂ ಹೋದವು. ಆರ್‌ವಿಯ 30 ಆಂಪ್ ಸಾಕೆಟ್ ಯಾವತ್ತೂ 120 ವೋಲ್ಟ್‌ನದೇ. ಸ್ನೇಹಿತರ ಮನೆಯಲ್ಲಿ "ನಮ್ಮಲ್ಲೂ 30 ಆಂಪ್ ಇದೆ ಬಾ" ಅಂದರೆ ಮೊದಲು ಮೀಟರ್, ಆಮೇಲೆ ಪ್ಲಗ್.

ಚುಚ್ಚುವ ಕ್ರಮವೂ ಇದೇ ಜಾಗಕ್ಕೆ ಸೇರಿದ್ದು. ಪೆಟ್ಟಿಗೆಯ ಬ್ರೇಕರ್ ಆರಿಸಿ, ಪ್ಲಗ್ ಹಾಕಿ, ಬ್ರೇಕರ್ ಎತ್ತಿ, ಆಮೇಲೆ ಒಳಗೆ ಹೋಗಿ ಒಂದೊಂದೇ ಶುರು ಮಾಡಿ. ಹೊರಡುವಾಗ ಉಲ್ಟಾ: ಮೊದಲು ಎಸಿ ಆರಿಸಿ, ಬ್ರೇಕರ್ ಇಳಿಸಿ, ಆಮೇಲೆ ಕೀಳಿ. ಲೋಡ್ ಇರುವಾಗಲೇ ಕಿತ್ತರೆ ಕಿಡಿ ಹಾರುತ್ತದೆ. ಸಾಕೆಟ್ ಸವೆಯುವುದು, ಕಪ್ಪಾಗುವುದು ಅದರಿಂದಲೇ.

ಇನ್ನು ನಿಮ್ಮ ಅಪ್ಪ ಎರಡು ಸ್ವೆಟರ್ ಹಾಕಿ ಕೂತ ರಾತ್ರಿ. ನಿಮ್ಮ ಪತ್ರ ಓದಿದಾಗ ಬೇಸರವಾದದ್ದು ಇಲ್ಲೇ, ಯಾಕೆಂದರೆ ಇದನ್ನು ತಪ್ಪಿಸುವುದು ಸುಲಭವಿತ್ತು. ಗಾಡಿಯ ಹೀಟರ್ ಉರಿಯುವುದು ಗ್ಯಾಸಿನಿಂದ, ಆದರೆ ಬಿಸಿ ಗಾಳಿ ತಳ್ಳುವ ಫ್ಯಾನು ಬ್ಯಾಟರಿಯದು. ಅದು ಓಡುವಾಗ 7ರಿಂದ 8 ಆಂಪ್ ಎಳೆಯುತ್ತದೆ. ಚಳಿ ರಾತ್ರಿಯಲ್ಲಿ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 35ರಿಂದ 40 ಆಂಪ್ ಅವರ್ ಹೋಯಿತು. ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೀಸದ ಬ್ಯಾಟರಿ, 100 ಆಂಪ್ ಅವರ್‌ನ ಒಂದೋ ಎರಡೋ. ಸೀಸದ್ದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಒಂದು ಬ್ಯಾಟರಿಯಲ್ಲಿ ಕೈಗೆ ಸಿಗುವುದು 50. ಅದರಲ್ಲೇ ಸಂಜೆಯ ಲೈಟು, ಪಂಪು, ಫ್ರಿಜ್ಜಿನ ಬೋರ್ಡು, ಗ್ಯಾಸ್ ಸೋರಿಕೆ ಪತ್ತೆ ಮಾಡುವ ಅಲಾರಂ. ಬ್ಯಾಟರಿಯಿಂದ 120 ವೋಲ್ಟ್ ಮಾಡುವ ಇನ್ವರ್ಟರ್ ನಿಮ್ಮ ಗಾಡಿಯಲ್ಲಿದ್ದು, ಆರಿಸಲು ಮರೆತಿದ್ದರೆ ಅದೂ ಖಾಲಿ ಕೂತು ಗಂಟೆಗೆ ಒಂದೆರಡು ಆಂಪ್ ಅವರ್ ನುಂಗುತ್ತದೆ. ಮೊದಲ ರಾತ್ರಿ ಹೇಗೋ ದಾಟಿತು. ಮರುದಿನ ಪೂರ್ತಿ ಚಾರ್ಜ್ ಆಗಲಿಲ್ಲ, ಎರಡನೇ ರಾತ್ರಿ 3ಕ್ಕೆ ಮುಗಿಯಿತು.

ಬ್ಯಾಟರಿ ಮುಗಿದರೆ ಫ್ಯಾನು ನಿಲ್ಲಬೇಕಲ್ಲ, ತಣ್ಣನೆ ಗಾಳಿ ಯಾಕೆ ಊದಿತು ಅನ್ನುತ್ತೀರಾ? ಹೀಟರಿನೊಳಗೆ ಸೇಲ್ ಸ್ವಿಚ್ ಅಂತ ಒಂದು ಸಣ್ಣ ರೆಕ್ಕೆ ಇರುತ್ತದೆ. ಗಾಳಿ ಸಾಕಷ್ಟು ಜೋರಾಗಿ ಬೀಸಿದರೆ ಮಾತ್ರ ಅದು ತಿರುಗಿ "ಸರಿ, ಈಗ ಗ್ಯಾಸ್ ಹೊತ್ತಿಸು" ಅನ್ನುತ್ತದೆ. ಬ್ಯಾಟರಿ ಸೋತಾಗ ಫ್ಯಾನು ತಿರುಗುತ್ತದೆ, ಆದರೆ ಮೆಲ್ಲಗೆ. ರೆಕ್ಕೆ ಅಲ್ಲಾಡುವುದಿಲ್ಲ, ಗ್ಯಾಸ್ ಹೊತ್ತುವುದಿಲ್ಲ. ಫ್ಯಾನು ಮಾತ್ರ ತಣ್ಣನೆ ಗಾಳಿ ಊದುತ್ತಾ ಉಳಿದ ಬ್ಯಾಟರಿಯನ್ನೂ ಮುಗಿಸುತ್ತದೆ. ಇದು ಕಂಡ ಕೂಡಲೇ ಥರ್ಮೋಸ್ಟ್ಯಾಟ್ ಆರಿಸಿ, ಕಂಬಳಿ ಹುಡುಕಿ.

ಮುಂದಿನ ಸಲ ಮಲಗುವ ಮುಂಚೆ ವೋಲ್ಟ್ ನೋಡಿ. ಚಾರ್ಜರ್ ಇಲ್ಲದೆ, ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟ ಸೀಸದ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಗೋಡೆಯ ಮೇಲಿನ ನಾಲ್ಕು ದೀಪದ ಪ್ಯಾನೆಲ್ ನಂಬಬೇಡಿ. ಜನರೇಟರ್ ಓಡುವಾಗ ಅದನ್ನು ಒತ್ತಿದರೆ ಬ್ಯಾಟರಿ ಹೇಗೇ ಇದ್ದರೂ ನಾಲ್ಕೂ ದೀಪ ಹತ್ತುತ್ತವೆ. ಥರ್ಮೋಸ್ಟ್ಯಾಟ್ ರಾತ್ರಿ 15 ಡಿಗ್ರಿಗೆ, ಅಂದರೆ 59 ಫ್ಯಾರನ್‌ಹೀಟ್‌ಗೆ ಇಳಿಸಿ. ಅಪ್ಪ ಅಮ್ಮನಿಗೆ ದಪ್ಪ ರಜಾಯಿ, ಬಿಸಿನೀರಿನ ಚೀಲ. ಸ್ವಂತ ಗಾಡಿ ಕೊಳ್ಳುವ ದಿನ ಬಂದರೆ ಲಿಥಿಯಂ ಬ್ಯಾಟರಿ ಹಾಕಿಸಿ. 100ರಲ್ಲಿ 80-90 ಬಳಸಬಹುದು, ಬೇಗ ಚಾರ್ಜ್ ಆಗುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಅದು ಗಾಡಿಯ ಒಳಗಡೆ ಬೆಚ್ಚಗೆ ಕೂರಬೇಕು.

ಯೋಸೆಮಿಟಿ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಜನರೇಟರಿಗೆ ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಅಂತ ಹೊತ್ತು ಕೊಟ್ಟಿದ್ದಾರೆ. ಇದನ್ನು ನಮ್ಮೂರಿನ ತ್ರೀ ಫೇಸ್ ಕರೆಂಟ್ ಬರುವ ಹೊತ್ತು ಅಂದುಕೊಳ್ಳಿ. ಬಂದಾಗ ಎಲ್ಲ ಕೆಲಸ ಮುಗಿಸಬೇಕು. ಬೆಳಗಿನ ಎರಡು ಗಂಟೆ ಬಹಳ ಬೆಲೆಬಾಳುವುದು. ಖಾಲಿಯಾದ ಬ್ಯಾಟರಿ ಮೊದಲು ಗಬಗಬ ಕುಡಿಯುತ್ತದೆ, ಶೇಕಡಾ 80 ದಾಟಿದ ಮೇಲೆ ತೊಟ್ಟು ತೊಟ್ಟಾಗಿ ಮಾತ್ರ. ಆ ಕೊನೆಯ 20ಕ್ಕಾಗಿ ಜನರೇಟರ್ ಓಡಿಸುವುದು ಪೆಟ್ರೋಲ್ ದಂಡ. ಕಾಫಿ, ಮೈಕ್ರೋವೇವ್ ಎಲ್ಲ ಅದೇ ಹೊತ್ತಿಗೆ ಇಟ್ಟುಕೊಳ್ಳಿ. ಸಂಜೆಯ ಹೊತ್ತನ್ನು ಯಾವ ಕಾರಣಕ್ಕೂ ಬಿಡಬೇಡಿ, ರಾತ್ರಿ ಹೀಟರಿಗೆ ದಾಸ್ತಾನು ಆಗುವುದು ಅದೇ.

ಪೆಟ್ರೋಲ್ ಇದ್ದರೂ ಜನರೇಟರ್ ನಿಂತದ್ದು ಯಾಕೆ? ಅದು ಕುಡಿಯುವುದು ಗಾಡಿಯ ಟ್ಯಾಂಕಿನಿಂದಲೇ. ಆದರೆ ಅದರ ಕೊಳವೆ ತಳದವರೆಗೆ ಇಳಿದಿರುವುದಿಲ್ಲ, ಕಾಲು ಟ್ಯಾಂಕಿನ ಹತ್ತಿರ ಮುಗಿಯುತ್ತದೆ. ಕಾಡಿನ ಮಧ್ಯೆ ಎಸಿ ಹಾಕಿಕೊಂಡು ಮಲಗಿ, ಬೆಳಿಗ್ಗೆ ಪೆಟ್ರೋಲ್ ಬಂಕಿಗೂ ಹೋಗಲಾಗದೆ ಸಿಕ್ಕಿಬೀಳಬಾರದು ಅಂತಲೇ ಹಾಗೆ ಮಾಡಿರುವುದು. ಕ್ಯಾಂಪ್‌ಗ್ರೌಂಡ್‌ಗೆ ಹೋಗುವ ಮುಂಚೆ ಟ್ಯಾಂಕ್ ತುಂಬಿಸಿ. 4000 ವ್ಯಾಟಿನ ಜನರೇಟರ್ ಅರ್ಧ ಲೋಡಿನಲ್ಲಿ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಕುಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಶುರು ಮಾಡುವಾಗ ಎಸಿ ಆರಿಸಿರಲಿ, ಎರಡು ನಿಮಿಷ ಖಾಲಿ ಓಡಲಿ, ಆಮೇಲೆ ಲೋಡ್. ಎಸಿ ಒಮ್ಮೆ ಆರಿಸಿದರೆ ಐದು ನಿಮಿಷ ಬಿಟ್ಟೇ ಮತ್ತೆ ಹಾಕಿ. ಕಂಪ್ರೆಸರ್ ಒಳಗಿನ ಒತ್ತಡ ಇಳಿಯದೆ ಶುರು ಮಾಡಿದರೆ ಜನರೇಟರ್ ಗೊರ್ ಅಂತ ನರಳುತ್ತದೆ. ಜನರೇಟರ್ ಓಡುತ್ತಿದ್ದರೂ ಒಳಗೆ ಕರೆಂಟ್ ಇಲ್ಲ ಅಂದರೆ ಗಾಬರಿ ಬೇಡ. ಕೆಲವು ಗಾಡಿಗಳಲ್ಲಿ ಹುಕಪ್ ವಯರಿನ ತುದಿಯನ್ನು ಪಕ್ಕದ ಡಬ್ಬದೊಳಗಿನ ಜನರೇಟರ್ ಸಾಕೆಟ್‌ಗೆ ಕೈಯಾರೆ ಚುಚ್ಚಬೇಕು. ಕೆಲವದರಲ್ಲಿ ತಾನೇ ಬದಲಾಗುವ ಸ್ವಿಚ್ ಇರುತ್ತದೆ. ಅರ್ಧ ನಿಮಿಷ ಕಾದು ಟಕ್ ಅಂದ ಮೇಲೆ ಕರೆಂಟ್ ಬರುತ್ತದೆ.

ರಾತ್ರಿ ಜನರೇಟರ್ ಮೇಲೆ ಎಸಿ ಹಾಕಿ ಮಲಗಬಹುದೇ? ಬೇಡ. ನಿಯಮ ಬಿಡಿ, ನಿಯಮ ಇಲ್ಲದ ಬಯಲಲ್ಲೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿ ದಿಕ್ಕು ಬದಲಾಗಿ ಗಾಡಿಯ ಕೆಳಗಿನಿಂದ ಒಳಗೆ ಬಂದರೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಹಗಲಲ್ಲಿ ಓಡಿಸುವಾಗಲೂ ಹೊಗೆ ಕೊಳವೆಯ ಕಡೆಯ ಕಿಟಕಿ ಮುಚ್ಚಿ, ಪಕ್ಕದವರ ಟೆಂಟು ಎಲ್ಲಿದೆ ನೋಡಿ. ಗಾಡಿಯೊಳಗಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಡೆದುಕೊಂಡರೆ ಎಲ್ಲರೂ ಹೊರಗೆ, ಆಮೇಲೆ ಜನರೇಟರ್ ಆಫ್. ತಲೆನೋವು, ವಾಕರಿಕೆ ಯಾರಿಗಾದರೂ ಬಂದಿದ್ದರೆ 911. ಬಾಡಿಗೆ ಗಾಡಿ ಕೈಗೆ ಬಂದ ದಿನವೇ ಅಲಾರಂನ ಟೆಸ್ಟ್ ಗುಂಡಿ ಒತ್ತಿ ನೋಡಿ. ಸ್ನೇಹಿತರ ಕೈಲಿ ಎತ್ತಿ ಒಯ್ಯುವ ಜನರೇಟರ್ ತಂದರೆ ಅದನ್ನು ಕನಿಷ್ಠ 20 ಅಡಿ ದೂರ ಇಡಿ.

ಈಗ ನಿಮ್ಮ ಜೂನ್ ಪ್ರವಾಸ. ಜಾಯನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಎಲೆಕ್ಟ್ರಿಕ್ ಇರುವ ಜಾಗಗಳಿವೆ, ಆದರೆ ಜನರೇಟರ್ ಬಳಸುವಂತಿಲ್ಲ. ಜೂನ್‌ನಲ್ಲಿ ಅಲ್ಲಿ ಹಗಲು 38 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ವಯಸ್ಸಾದವರು ಜೊತೆಗಿದ್ದಾರೆ, ಹಾಗಾಗಿ ಎಲೆಕ್ಟ್ರಿಕ್ ಜಾಗ ಸಿಗದಿದ್ದರೆ ಪಾರ್ಕಿನ ಹೊರಗೆ ಹುಕಪ್ ಇರುವ ಕಡೆ ಉಳಿಯಿರಿ. ಇಲ್ಲಿ ದುಡ್ಡು ಉಳಿಸಬೇಡಿ. ಎಸಿಯನ್ನು ಬೆಳಿಗ್ಗೆ 10ಕ್ಕೇ ಹಾಕಿ. ಗಾಡಿ ಕಾದ ಮೇಲೆ 3 ಗಂಟೆಗೆ ಹಾಕಿದರೆ ಕತ್ತಲಾಗುವವರೆಗೂ ಅದು ಹೆಣಗುತ್ತಲೇ ಇರುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನ ಲೆಕ್ಕ ಬೇರೆ. ಅದು 7000 ಅಡಿ ಎತ್ತರ. ಜೂನ್‌ನಲ್ಲೂ ರಾತ್ರಿ 8-10 ಡಿಗ್ರಿಗೆ ಇಳಿಯುತ್ತದೆ, ಎಸಿಯ ಅಗತ್ಯ ಹೆಚ್ಚುಕಮ್ಮಿ ಇರುವುದಿಲ್ಲ. ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಹುಕಪ್ ಇಲ್ಲ, ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಇದೆ. ಒಂದೇ ರಾತ್ರಿಯಾದರೆ ಮ್ಯಾದರ್ ಸಾಕು. ದಾರಿಯುದ್ದಕ್ಕೂ ಎಂಜಿನ್ ಓಡುತ್ತಾ ಬ್ಯಾಟರಿಗೆ ಸ್ವಲ್ಪ ಚಾರ್ಜ್ ಕೊಟ್ಟಿರುತ್ತದೆ. ಎರಡು ಮೂರು ರಾತ್ರಿ ಅಂದರೆ ಟ್ರೇಲರ್ ವಿಲೇಜ್ ಹಿಡಿಯಿರಿ. ಮತ್ತೊಂದು ವಿಷಯ: ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಜನರೇಟರಿನ ಶಕ್ತಿ ಇಳಿಯುತ್ತದೆ, ಪ್ರತಿ 1000 ಅಡಿಗೆ ಸುಮಾರು ಮೂರೂವರೆ ಶೇಕಡಾ. ನಿಮ್ಮ 4000 ವ್ಯಾಟ್ ಅಲ್ಲಿ ಸುಮಾರು 3000. ಹಳೇ ಕಾರ್ಬ್ಯುರೇಟರ್ ಜನರೇಟರ್ ಆದರೆ ಎತ್ತರಕ್ಕೆ ತಕ್ಕಂತೆ ತಿರುಗಿಸುವ ಗುಂಡಿ ಇರುತ್ತದೆ, ಬಾಡಿಗೆ ಕೊಡುವವರನ್ನೇ ಕೇಳಿ ತೋರಿಸಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, 15 ಆಂಪ್ ಅಡಾಪ್ಟರ್ ಹಾಕಿ ಗರಾಜಿನ ಪ್ಲಗ್‌ಗೆ ಚುಚ್ಚಿ. ಫ್ರಿಜ್ ತಣ್ಣಗಾಗುತ್ತದೆ, ಬ್ಯಾಟರಿ ತುಂಬುತ್ತದೆ. ಅಷ್ಟೇ ಮಾಡಿ, ಎಸಿ ಹಾಕಬೇಡಿ. ಹುಲ್ಲು ಕತ್ತರಿಸುವ ಮೆಷಿನ್ನಿನ ಕಿತ್ತಳೆ ಬಣ್ಣದ ತೆಳು ವಯರ್ ಬೇಡ, ಅದು ಸುರುಳಿ ಸುತ್ತಿದ ಹಾಗೇ ಕಾಯುತ್ತದೆ. ಗರಾಜಿನ ಪ್ಲಗ್‌ನಲ್ಲಿ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರುತ್ತದೆ, ಗಾಡಿ ಚುಚ್ಚಿದ ಕೂಡಲೇ ಅದು ಬಿದ್ದರೆ ಒಳಗಿನ ಬ್ರೇಕರ್‌ಗಳನ್ನೆಲ್ಲ ಇಳಿಸಿ ಒಂದೊಂದಾಗಿ ಎತ್ತಿ ನೋಡಿ. ಬೀಳಿಸುತ್ತಿರುವವನು ಸಿಕ್ಕಿಬೀಳುತ್ತಾನೆ, ಬಹಳ ಸಲ ಅದು ನೀರು ಕಾಯಿಸುವ ಕಾಯಿಲ್.

ಕೊನೆಗೆ ಅಮ್ಮನ ಮಿಕ್ಸಿ. ನಿಮ್ಮ ಕಡೆಯ ಇಂಡಿಯನ್ ಅಂಗಡಿಯಲ್ಲಿ ಕೊಂಡ 110 ವೋಲ್ಟ್‌ನದಾದರೆ ಧಾರಾಳವಾಗಿ ತರಲಿ. 550 ವ್ಯಾಟ್, ಐದು ಆಂಪ್ ಚಿಲ್ಲರೆ, ಎರಡು ನಿಮಿಷದ ಕೆಲಸ. ಎಸಿ ಓಡುತ್ತಿದ್ದರೂ ನಡೆಯುತ್ತದೆ. ಮೈಸೂರಿನಿಂದ ತಂದದ್ದಾದರೆ 230ರದ್ದು, ಇಲ್ಲಿ ಚುಚ್ಚಿದರೆ ಬ್ಲೇಡು ತಿರುಗುವ ನಾಟಕ ಮಾತ್ರ ಮಾಡುತ್ತದೆ. ಅದಕ್ಕಾಗಿ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಹೋಗಬೇಡಿ. ಹಿಟ್ಟು, ಚಟ್ನಿ ಎರಡನ್ನೂ ಹಿಂದಿನ ದಿನವೇ ಮನೆಯಲ್ಲಿ ರುಬ್ಬಿ ಡಬ್ಬಕ್ಕೆ ಹಾಕಿ. ಜಾಯನ್‌ನಲ್ಲಿ ಹಿಟ್ಟಿನ ಡಬ್ಬ ಫ್ರಿಜ್ಜಿನ ಹಿಂಬದಿಯಲ್ಲಿರಲಿ. ಅಲ್ಲಿನ ಸೆಕೆಗೆ ಹೊರಗಿಟ್ಟರೆ ಮಧ್ಯಾಹ್ನದೊಳಗೆ ಉಕ್ಕಿ ಮುಚ್ಚಳ ಎತ್ತುತ್ತದೆ.